ಹಿತ್ತಲ ಕೊಳಕ್ಕೆ ಹೊಸ ಮೀನು: ತೇಲುವ ಚೀಲ, ಹನಿ ಪೈಪು, ಬಕೆಟ್ಟು

ಮಿನೋ ಎಂಬ ಸಣ್ಣ ಮೀನುಗಳ ಬಳಗದ ಜೀಬ್ರಾ ಡೇನಿಯೊ ಮರಿಗಳನ್ನು ಹೊಸ ನೀರಿಗೆ ನಿಧಾನವಾಗಿ ಒಗ್ಗಿಸಿ ಕೊಳಕ್ಕೆ ಬಿಡಲು ಒಂದು ಬಕೆಟ್ಟು, ಒಂದು ಲೋಟ ಇದ್ದರೆ ಸಾಕು. ಮೂರು ಬಗೆಯನ್ನೂ ಮಾಡಿ ನೋಡಿದ ಮೇಲೆ ನನ್ನ ಆಯ್ಕೆ ಇದೇ.

ಮೀನು ತಂದ ಚೀಲವನ್ನು ಕೊಳದಲ್ಲಿ ತೇಲಿಸುವುದು ಸುಲಭ, ಆದರೆ ಅದು ಸರಿಹೊಂದಿಸುವುದು ಉಷ್ಣಾಂಶ ಒಂದನ್ನೇ. ನೆರಳಲ್ಲಿ 20 ನಿಮಿಷ ಸಾಕು. ಬಿಸಿಲಿಗೆ ಬಿಟ್ಟರೆ ಚೀಲದ ನೀರು ಕೊಳದ ನೀರಿಗಿಂತ ಬಿಸಿಯಾಗುತ್ತದೆ.

ಹನಿ ಪೈಪಿಗೆ ಹೆಸರು ದೊಡ್ಡದು. ಏರ್ ಪಂಪಿನ ತೆಳು ಪೈಪಿಗೆ ಸಡಿಲ ಗಂಟು ಹಾಕಿ, ಹೊಸ ನೀರನ್ನು ಮೀನಿರುವ ಬಕೆಟ್ಟಿಗೆ ಸೆಕೆಂಡಿಗೆ 2ರಿಂದ 4 ಹನಿ ಬೀಳಿಸುವುದು. ಅಕ್ವೇರಿಯಂ ಮೇಜಿನ ಮೇಲಿರುತ್ತದೆ, ಬಕೆಟ್ಟು ನೆಲದ ಮೇಲೆ, ನೀರು ತಾನಾಗಿ ಇಳಿಯುತ್ತದೆ. ನೆಲ ಅಗೆದು ಮಾಡಿದ ಕೊಳಕ್ಕೆ ಅದಕ್ಕಿಂತ ತಗ್ಗು ಜಾಗ ಎಲ್ಲಿಂದ ತರುವುದು? ಕೊಳದ ನೀರನ್ನು ಇನ್ನೊಂದು ಬಕೆಟ್ಟಿಗೆ ತುಂಬಿ ಸ್ಟೂಲಿನ ಮೇಲಿಡಬೇಕು.

ಕಿರಿಕಿರಿ ಶುರುವಾಗುವುದೇ ಅಲ್ಲಿ. ಒಂದೆರಡು ಲೀಟರ್ ನೀರು ಹೊರಗಿನ ಗಾಳಿಗೆ ಬೇಗ ಬಿಸಿಯೇರುತ್ತದೆ. ಒಂದೂವರೆ ಗಂಟೆ ಹನಿಸಿ ಥರ್ಮಾಮೀಟರ್ ಅದ್ದಿದರೆ ಬಕೆಟ್ಟು 29 ಡಿಗ್ರಿ, ಕೊಳ 25. ನೀರಿನ ಗುಣ ಹೊಂದಿತು, ಬಿಸಿ ಹೊಂದಲಿಲ್ಲ, ಮತ್ತೆ ತೇಲಿಸುವ ಕೆಲಸ. ನಡುವೆ ಪಾಚಿಯ ಎಳೆಯೊಂದು ಗಂಟಿಗೆ ಸಿಕ್ಕಿದರೆ ಹನಿಯೂ ನಿಂತುಹೋಗುತ್ತದೆ, ಪಕ್ಕದಲ್ಲೇ ಕೂತು ಕಾಯಬೇಕು.

ಮೀನೇ ನೀರಿಗೆ ಬಿಡುವ ವಿಷವಾದ ಅಮೋನಿಯದ ತೊಂದರೆ ಇದಕ್ಕಿಂತ ದೊಡ್ಡದು. ಪಾರ್ಸೆಲ್ಲಿನಲ್ಲಿ ಒಂದು ದಿನ ಕಳೆದ ಚೀಲದೊಳಗೆ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಸೇರಿ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಇಳಿದಿರುತ್ತದೆ. ಹಾಗಾಗಿ ಅಮೋನಿಯ ಹೆಚ್ಚು ಹಾನಿ ಮಾಡದ ಅಮೋನಿಯಂ ಆಗಿ ಉಳಿದಿರುತ್ತದೆ. ಚೀಲ ಬಿಚ್ಚಿದ ಮೇಲೆ ಆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ಅಮೋನಿಯಂ ಮತ್ತೆ ವಿಷವಾಗುತ್ತದೆ. ಅಂಥ ಮೀನಿಗೆ ಕಟ್ಟಿದ ಚೀಲವನ್ನೇ ತೇಲಿಸಿ, ಬಿಚ್ಚಿದ ಕೂಡಲೇ ಬಲೆಯಲ್ಲಿ ಎತ್ತಿ ಕೊಳಕ್ಕೆ ಬಿಡಿ.

ಹತ್ತಿರದ ಅಂಗಡಿಯಿಂದ ಒಂದೆರಡು ಗಂಟೆಯಲ್ಲಿ ತಂದ ಮೀನಿಗೆ ಬಕೆಟ್ಟು. 12 ಲೀಟರಿನ ಬಕೆಟ್ಟಿನ ತಳಕ್ಕೆ ನುಣುಪು ಕಲ್ಲೊಂದನ್ನಿಟ್ಟು ಕೊಳದ ನೆರಳಿನ ಮೂಲೆಯಲ್ಲಿ ತೇಲಿಬಿಡಿ, ಹಿಡಿಕೆಯನ್ನು ಹಗ್ಗದಿಂದ ದಡಕ್ಕೆ ಕಟ್ಟಿ. ಸಿಮೆಂಟ್ ತುಂಡು ಬೇಡ, ಸುಣ್ಣ ಬಿಡುತ್ತದೆ. ಸುತ್ತಲೂ ಕೊಳದ ನೀರೇ ಇರುವುದರಿಂದ ಬಿಸಿ ತಾನಾಗಿ ಹೊಂದಿಕೊಳ್ಳುತ್ತದೆ. ಚೀಲದ ಒಂದೂವರೆ ಲೀಟರ್ ನೀರನ್ನು ಮೀನಿನ ಸಮೇತ ಬಕೆಟ್ಟಿಗೆ ಸುರಿದು, 5 ನಿಮಿಷಕ್ಕೊಮ್ಮೆ 200 ಮಿಲಿ ಲೋಟದಲ್ಲಿ ಕೊಳದ ನೀರು ಹಾಕಿ. ಮೀನು ರೆಕ್ಕೆ ಮಡಚಿ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಬಿಡಿ. 45 ನಿಮಿಷಕ್ಕೆ ನೀರು ಎರಡು ಪಟ್ಟು ದಾಟಿರುತ್ತದೆ. ಡೇನಿಯೊ ಜಿಗಿಯುತ್ತದೆ, ಬಕೆಟ್ಟಿನ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ. ಕೊನೆಗೆ ಬಲೆಯಲ್ಲೇ ಎತ್ತಿ ಬಿಡಿ, ಅಂಗಡಿಯ ನೀರು ಕೊಳಕ್ಕೆ ಸೇರಬಾರದು. ಆ ದಿನ ತಿಂಡಿ ಬೇಡ.

ಹೊಸ ಸಿಮೆಂಟ್ ತೊಟ್ಟಿಯಾದರೆ ಮೂರರಲ್ಲಿ ಯಾವುದೂ ಮೀನನ್ನು ಉಳಿಸದು. ಮೊದಲು ಎರಡು ಮೂರು ವಾರ ನೀರು ತುಂಬಿ ಚೆಲ್ಲಿ, ಪಿಎಚ್ 8ರ ಆಸುಪಾಸಿಗೆ ಬರಲಿ.

ನನ್ನ ಹನಿ ಪೈಪು ಈಗ ಹೊರಬರುವುದು ಒಂದೇ ಕೆಲಸಕ್ಕೆ: ಬೋರ್‌ವೆಲ್‌ನ ಗಡಸು ನೀರಿನಲ್ಲಿದ್ದ ಮೀನನ್ನು ಮಳೆನೀರಿನ ಕೊಳಕ್ಕೆ ಬಿಡುವಾಗ. ಗಡಸಿನಿಂದ ಮೆದು ನೀರಿಗೆ ಇಳಿಯುವುದೇ ಮೀನಿಗೆ ಹೆಚ್ಚು ಕಷ್ಟ. ಆಗಲೂ ಕೆಳಗಿನ ಬಕೆಟ್ಟು ಕೊಳದಲ್ಲೇ ತೇಲುತ್ತಿರುತ್ತದೆ.