ಎದುರು ಮನೆ ಅಕ್ಕನ ಡೈರೆಕ್ಟ್ ಸೆಲ್ಲಿಂಗ್: ಅಕ್ಕನಿಗೆ ಐದು ಸ್ಟಾರ್, ಕಂಪನಿಗೆ ಎರಡೂವರೆ

ದಾವಣಗೆರೆಯ ನಮ್ಮ ಬೀದಿಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಮುಗಿದರೆ ಅರ್ಧ ಜನ ಅಂಗಡಿಗೆ ಹೋಗುವುದಿಲ್ಲ, ಎದುರು ಮನೆ ಅಕ್ಕನಿಗೆ ವಾಟ್ಸಾಪ್ ಮಾಡುತ್ತಾರೆ. ಅಕ್ಕ ಒಂದು ಡೈರೆಕ್ಟ್ ಸೆಲ್ಲಿಂಗ್ ಕಂಪನಿಯ, ಅಂದರೆ ಅಂಗಡಿ ಇಲ್ಲದೆ ಅಕ್ಕನಂಥವರ ಕೈಯಿಂದ ಮಾರಿಸುವ ಕಂಪನಿಯ, ಸಾಮಾನು ಮಾರುತ್ತಾರೆ. ಕಂಪನಿಯ ಹೆಸರು ಬರೆಯುವುದಿಲ್ಲ. ಮುಂದೆ ಒಂದಿಷ್ಟು ಬೈಯುವುದಿದೆ, ಅದರ ಪೆಟ್ಟು ಅಕ್ಕನಿಗೆ ಬೀಳಬಾರದು.

ಮೊದಲು ಸಾಮಾನು. ಪಾತ್ರೆ ಲಿಕ್ವಿಡ್ ನಿಜಕ್ಕೂ ಚೆನ್ನಾಗಿದೆ. ಬಾಟಲಿ ಬೆಲೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಆದರೆ ಅದು ಗಟ್ಟಿ ಇರುತ್ತದೆ, ನೀರು ಬೆರೆಸಿ ಬಳಸಬೇಕು. ಲೆಕ್ಕ ಹಾಕಿದರೆ ಅಂಗಡಿಯದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮಿರ್ಚಿ ಕರಿದ ಬಾಣಲೆಯ ಜಿಡ್ಡು ಒಂದೇ ಸಲಕ್ಕೆ ಬಿಡುತ್ತದೆ, ಕೈ ಒಡೆಯುವುದಿಲ್ಲ. ನೆಲ ಒರೆಸುವ ಲಿಕ್ವಿಡ್ ಪರವಾಗಿಲ್ಲ. ಟೂತ್‌ಪೇಸ್ಟ್ ಬರೀ ಟೂತ್‌ಪೇಸ್ಟ್, ದುಡ್ಡು ಮಾತ್ರ ಡಬಲ್. ಪ್ರೋಟೀನ್ ಪುಡಿಯ ವಿಷಯ ಆಮೇಲೆ ಹೇಳುತ್ತೇನೆ.

2021ರಲ್ಲಿ ಕೇಂದ್ರ ಸರ್ಕಾರ ಡೈರೆಕ್ಟ್ ಸೆಲ್ಲಿಂಗ್‌ಗೆ ಕರಡು ನಿಯಮ ಹೊರಡಿಸಿದಾಗ ಅಕ್ಕನ ಗ್ರೂಪಿನಲ್ಲಿ ದೊಡ್ಡ ಗಾಬರಿ. "ಇನ್ಮೇಲೆ ಮನೆಯಿಂದ ಮಾರೋ ಹಂಗಿಲ್ವಂತೆ, ಲೈಸೆನ್ಸ್ ಬೇಕಂತೆ" ಅಂತ ಫಾರ್ವರ್ಡ್ ಮೇಲೆ ಫಾರ್ವರ್ಡ್. ನಾನು ಸೊಸೈಟಿಯೊಂದರಲ್ಲಿ ಲೆಕ್ಕ ಬರೆಯುವವಳು. ಹಾಗಾಗಿ ಅಕ್ಕ ಫೋನ್ ಹಿಡಿದುಕೊಂಡು ನಮ್ಮ ಮನೆಗೇ ಬಂದರು. ಕೂತು ಓದಿದೆವು. ಮನೆಯಿಂದ ಮಾರಬಾರದು ಅಂತ ಅದರಲ್ಲಿ ಎಲ್ಲೂ ಇರಲಿಲ್ಲ. ಆ ವರ್ಷ ಡಿಸೆಂಬರ್ 28ಕ್ಕೆ ನಿಯಮ ಅಧಿಸೂಚನೆ ಆಯಿತು. ಹೊಂದಿಕೊಳ್ಳಲು ಕಂಪನಿಗಳಿಗೆ 90 ದಿನ ಕೊಟ್ಟರು.

ಮಾರುವವರ ಬಗ್ಗೆ ಅದರಲ್ಲಿ ಮುಖ್ಯವಾಗಿ ಇರುವುದು ಇಷ್ಟು. ಕಂಪನಿ ಜೊತೆ ಲಿಖಿತ ಕರಾರು ಇರಬೇಕು. ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳದೆ, ಯಾರ ಮನೆಗೂ ಹೋಗಬಾರದು. ಹೋದಾಗ ತಾನು ಯಾರು, ಯಾವ ಕಂಪನಿ, ಯಾಕೆ ಬಂದೆ ಅಂತ ಸ್ಪಷ್ಟವಾಗಿ ಹೇಳಬೇಕು. ಆರ್ಡರ್ ಫಾರ್ಮ್ ಕೊಡಬೇಕು. ಆರ್ಡರ್ ರದ್ದು ಮಾಡಬಹುದು, ಸಾಮಾನು ಹಾಳು ಮಾಡದೆ ವಾಪಸ್ ಕೊಟ್ಟರೆ ಪೂರ್ತಿ ದುಡ್ಡು ಸಿಗುತ್ತದೆ ಅನ್ನುವುದು ಆ ಫಾರ್ಮಿನಲ್ಲೇ ಇರಬೇಕು. ಲೆಕ್ಕದ ಪುಸ್ತಕ ಇಡಬೇಕು.

ಓದುವಾಗ ಎಲ್ಲ ಸರಿ ಅನಿಸುತ್ತದೆ, ಅಲ್ವಾ? ಈಗ ನಮ್ಮ ಬೀದಿಗೆ ಬನ್ನಿ. ಅಕ್ಕನ ಗುರುತಿನ ಚೀಟಿ ಕ್ಯಾಲೆಂಡರ್ ಮೊಳೆಗೆ ನೇತು ಹಾಕಿದೆ. ಅದನ್ನು ಕುತ್ತಿಗೆಗೆ ಹಾಕಿಕೊಂಡು ಎದುರು ಮನೆಗೆ ಬಂದು "ನಾನು ಇಂಥವಳು" ಅಂದರೆ ನಮ್ಮತ್ತೆ ನಕ್ಕುಬಿಡುತ್ತಾರೆ. ಆದರೂ ಮೊದಲೇ ಕೇಳಿ ಬರಬೇಕು ಅನ್ನುವ ನಿಯಮಕ್ಕೆ ನನ್ನ ಓಟು. ಗುರುತಿರುವವರಿಗೆ ಬಾಗಿಲಲ್ಲಿ ನಿಂತು ಬೇಡ ಅನ್ನುವುದು ಎಷ್ಟು ಕಷ್ಟ ಅಂತ ಎಲ್ಲರಿಗೂ ಗೊತ್ತು. ನಮ್ಮ ಬಾತ್‌ರೂಮಿನಲ್ಲಿ ಸಾಲಾಗಿ ನಿಂತ ಟೂತ್‌ಪೇಸ್ಟ್‌ಗಳು ಬಂದದ್ದೇ ಆ ದಾಕ್ಷಿಣ್ಯದಿಂದ. ಫೋನಿನಲ್ಲಾದರೆ "ಇನ್ನೂ ಇದೆ ಅಕ್ಕಾ" ಅಂದು ಮುಗಿಸಬಹುದು. ಇದರಿಂದ ಅಕ್ಕನ ವ್ಯಾಪಾರ ಸ್ವಲ್ಪ ಕಮ್ಮಿ ಆಗಬಹುದು, ಅದೂ ನಿಜ.

ಆರ್ಡರ್ ಫಾರ್ಮಿನ ಬೆಲೆ ನನಗೆ ತಿಳಿದದ್ದು ಬಾಣಲೆಯಿಂದ. ಅಕ್ಕನ ಹತ್ತಿರ ಒಂದು ನಾನ್‌ಸ್ಟಿಕ್ ಬಾಣಲೆ ತಗೊಂಡಿದ್ದೆ. ಕೆಲವೇ ದಿನಕ್ಕೆ ಹಿಡಿ ಅಲ್ಲಾಡತೊಡಗಿತು. ಸ್ಕ್ರೂ ಬಿಗಿ ಮಾಡಿದರೆ ಎರಡು ಸಲ ಉಪ್ಪಿಟ್ಟು ಕೆದಕುವಷ್ಟರಲ್ಲಿ ಮತ್ತೆ ಸಡಿಲ. ಅಕ್ಕ ಸುಮ್ನೆ ತಮ್ಮ ಕೈಯಿಂದ ಹೊಸದು ಕೊಡಲು ಹೊರಟರು. ಹಿಂದೆಲ್ಲ ಹಾಗೇ ಮಾಡಿದ್ದರಂತೆ, ಬೀದಿಯಲ್ಲಿ ಹೆಸರು ಕೆಡಬಾರದು ಅಂತ. ನಾನು ಬಿಡಲಿಲ್ಲ. ಮಾರಿದವರು ಅಕ್ಕನೇ ಆದರೂ ಗ್ರಾಹಕರ ದೂರಿಗೆ ಹೊಣೆ ಕಂಪನಿಯದ್ದು ಅಂತ ನಿಯಮದಲ್ಲೇ ಇದೆ. ದೂರು ಬಂದರೆ 48 ಕೆಲಸದ ಗಂಟೆಯೊಳಗೆ ಬಂತು ಅಂತ ಉತ್ತರ ಕೊಡಬೇಕು, ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಬಗೆಹರಿಸಬೇಕು. ನಮಗೆ ಬಂದ ಮೊದಲ ಉತ್ತರ: "ನಿಮ್ಮ ಡಿಸ್ಟ್ರಿಬ್ಯೂಟರ್ ಅನ್ನು ಸಂಪರ್ಕಿಸಿ." ಡಿಸ್ಟ್ರಿಬ್ಯೂಟರ್ ನನ್ನ ಪಕ್ಕದಲ್ಲೇ ಚಹಾ ಕುಡಿಯುತ್ತಾ ಕೂತಿದ್ದರು. ಫಾರ್ಮಿನ ಫೋಟೋ ಹಾಕಿ, 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡುತ್ತೇವೆ ಅಂತ ಬರೆದ ಮೇಲೆ ಬಾಣಲೆ ಬದಲಾಗಿ ಬಂತು. ಕಂಪನಿಗೆ ಎರಡೂವರೆ ಸ್ಟಾರ್ ಕೊಟ್ಟದ್ದು ಇದಕ್ಕೇ. ಕೊಟ್ಟರು, ಆದರೆ ಬೆನ್ನು ಹತ್ತಿ ಕೇಳಿದ ಮೇಲೆ ಕೊಟ್ಟರು.

ನನಗೆ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಅಕ್ಕನ ಮನೆ ಹಾಲ್‌ನಲ್ಲಿರುವ ದಿವಾನದ ಕೆಳಗೆ ಬೆಡ್‌ಶೀಟ್ ಎತ್ತಿ ನೋಡಿದರೆ ರಟ್ಟಿನ ಡಬ್ಬಗಳ ಸಾಲು. ಶಾಂಪೂ, ಫೇಸ್‌ಕ್ರೀಮ್, ಪ್ರೋಟೀನ್ ಪುಡಿ. ತಿಂಗಳ ಕೊನೆಗೆ ಮಾರಾಟದ ಪಾಯಿಂಟ್ ಕಮ್ಮಿ ಬಿದ್ದಾಗ ಅಪ್‌ಲೈನ್ ಮೇಡಂ, ಅಂದರೆ ಕಂಪನಿಯ ಸಾಲಿನಲ್ಲಿ ಅಕ್ಕನಿಗಿಂತ ಮೇಲಿರುವವರು, "ನೀವೇ ತಗೊಂಡುಬಿಡಿ, ಲೆವೆಲ್ ಹೋಗುತ್ತೆ" ಅಂದಿದ್ದರಂತೆ. ಹಾಗೆ ತಗೊಂಡ ಮಾಲು ಅದು. ಡಬ್ಬದ ಮೇಲೆ ಅಕ್ಕ ಸ್ಕೆಚ್ ಪೆನ್ನಿನಲ್ಲಿ ಎಕ್ಸ್‌ಪೈರಿ ತಿಂಗಳು ದೊಡ್ಡದಾಗಿ ಬರೆದಿಟ್ಟಿದ್ದಾರೆ. ಮಾರಾಟವಾಗದ ಒಳ್ಳೆ ಮಾಲನ್ನು ಕಂಪನಿ ವಾಪಸ್ ಕೊಳ್ಳಬೇಕು, ಸೇರುವುದಕ್ಕೂ ಡೆಮೋ ಕಿಟ್‌ಗೂ ದುಡ್ಡು ಕೀಳಬಾರದು ಅಂತ ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯಲ್ಲೇ ಇತ್ತು. ಅಕ್ಕನಿಗೆ ಇದನ್ನು ಯಾರೂ ಹೇಳಿರಲಿಲ್ಲ. ಗುರುತಿನ ಚೀಟಿ, ಲೆಕ್ಕದ ಪುಸ್ತಕ, ಫಾರ್ಮು ಇವೆಲ್ಲ ಅವರಿಗೆ ನಿಯಮ ಬಂದ ವಾರವೇ ತಿಳಿಯಿತು. ವಾಪಸ್ ಕೊಡಬಹುದು ಅನ್ನುವುದು ಮಾತ್ರ ಯಾವ ಮೀಟಿಂಗಿನಲ್ಲೂ ಬರಲಿಲ್ಲ!

ಈ ಕಂಪನಿಗಳ ಮೇಲೆ ಕಣ್ಣಿಡಲು ರಾಜ್ಯ ಸರ್ಕಾರಗಳೂ ವ್ಯವಸ್ಥೆ ಮಾಡಬೇಕು ಅಂತ ನಿಯಮ ಹೇಳುತ್ತದೆ. ಅದು ಬಿಗಿಯಾದರೆ ಮೊದಲು ಯಾರ ಬಾಗಿಲಿಗೆ ಬರುತ್ತಾರೆ ಅನ್ನುವುದೇ ನನ್ನ ಚಿಂತೆ. ಅಕ್ಕನ ಪುಸ್ತಕ ನೋಡುವುದು ಸುಲಭ, ದಿವಾನದ ಕೆಳಗೆ ಮಾಲು ಯಾಕೆ ಬಂತು ಅಂತ ಕೇಳುವುದು ಕಷ್ಟ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗಲೂ ಹಾಗೇ ಆಯಿತು. ಸಾಮಾನು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ವಹಿವಾಟು ಮಿತಿ ವರ್ಷಕ್ಕೆ 40 ಲಕ್ಷ. ಅಕ್ಕನ ವ್ಯಾಪಾರ ಅದರ ಹತ್ತಿರಕ್ಕೂ ಇಲ್ಲ. ಆದರೂ ಹೆದರಿ ಕ್ಯೂಆರ್ ಕೋಡ್ ಕಿತ್ತು ಬೀರುವಿನಲ್ಲಿಟ್ಟರು. ನಾವೆಲ್ಲ ಚಿಲ್ಲರೆ ಹುಡುಕಿದ್ದೇ ಹುಡುಕಿದ್ದು.

ಪ್ರೋಟೀನ್ ಪುಡಿ. ಅಪ್‌ಲೈನ್ ಮೇಡಂ ಅದರಿಂದ ಶುಗರ್ ಇಳಿಯುತ್ತದೆ ಅನ್ನುತ್ತಾರೆ. ಡಬ್ಬದ ಮೇಲೆ ಹಾಗೆಲ್ಲೂ ಇಲ್ಲ. ಕಂಪನಿ ಒಪ್ಪದ ಮಾತು ಹೇಳಿ ಮಾರಬಾರದು ಅಂತ ನಿಯಮ ಇದೆ. ಅದನ್ನು ತೋರಿಸಿದ ಮೇಲೆ ಅಕ್ಕ ಶುಗರ್ ಮಾತು ಬಿಟ್ಟರು, ಪುಡಿ ಮಾರಾಟವೂ ನಿಂತಿತು. ನಮ್ಮತ್ತೆ ಡಾಕ್ಟರ್ ಕೊಟ್ಟ ಮಾತ್ರೆಯನ್ನೇ ನುಂಗುತ್ತಿದ್ದಾರೆ.

ತಗೊಳ್ಳುವುದಾದರೆ ಪಾತ್ರೆ ಲಿಕ್ವಿಡ್ ತಗೊಳ್ಳಿ. ಫಾರ್ಮ್ ಕೇಳಿ ಇಸ್ಕೊಳ್ಳಿ, ಅಕ್ಕ ಬೇಜಾರು ಮಾಡಿಕೊಳ್ಳುವುದಿಲ್ಲ. ಮತ್ತೆ ನೀವೂ ಫೋನ್ ಮಾಡಿಯೇ ಹೋಗಿ. ಮಧ್ಯಾಹ್ನ ಎರಡರಿಂದ ನಾಲ್ಕು ಅಕ್ಕ ಮಲಗಿರುತ್ತಾರೆ, ಬೆಲ್ ಒತ್ತಿದರೆ ಬೈಯುತ್ತಾರೆ.