ದರೋಜಿಗೆ ಕರಡಿ ನೋಡೋಕೆ ಹೋದರೆ, ಎರಡು ಗಂಟೆಗೇ ಹೋಗಿ

ದರೋಜಿ ಅಂದ್ರೆ ನಮ್ಮಮ್ಮನಿಗೆ ಬುರ್ರಕಥೆ ಹಾಡುತ್ತಿದ್ದ ಈರಮ್ಮ. ಬಳ್ಳಾರಿಯ ಉಳಿದವರಿಗೆಲ್ಲ ಕರಡಿ. ನನಗೆ ಈ ಫೆಬ್ರವರಿಯಿಂದ ಒಂದು ಕಾಡುಕೋಳಿ.

1994ರಲ್ಲಿ ಕರಡಿಗಳಿಗಾಗಿಯೇ ಘೋಷಣೆಯಾದ ಧಾಮ ಇದು. ಮಧ್ಯಾಹ್ನ ಸಿಬ್ಬಂದಿ ವೀಕ್ಷಣಾ ಗೋಪುರದ ಎದುರಿನ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಹೋಗುತ್ತಾರೆ. ಸಂಜೆ ಗುಡ್ಡದಿಂದ ಕರಡಿಗಳು ಇಳಿದು ಬಂದು ನೆಕ್ಕುತ್ತವೆ. ಹೆಚ್ಚಿನವರು ಹಂಪಿ ಸುತ್ತಿ ಮುಗಿಸಿ ನಾಲ್ಕೂವರೆಗೆ ಬರುತ್ತಾರೆ. ನಾನು ಸಿರುಗುಪ್ಪದ ನಮ್ಮ ಮಾವನನ್ನು ಕರೆದುಕೊಂಡು ಎರಡಕ್ಕೆಲ್ಲ ಹೋಗಿ ಕೂತೆ. ಮಂಗಳವಾರ. ಗೋಪುರದಲ್ಲಿ ನಾವಿಬ್ಬರೇ.

ಮಾವ ಭತ್ತ ಬೆಳೆಯುವವರು. ಕ್ಯಾಮೆರಾ ಮುಟ್ಟಿದವರಲ್ಲ, ಆದರೆ ಕಿವಿ ಅಂದ್ರೆ ಕಿವಿ. ನಾನು ಟ್ರೈಪಾಡ್ ಬಿಚ್ಚುತ್ತಿದ್ದಾಗ, "ಸುಮ್ನಿರವ್ವ, ಗೌಜಲಕ್ಕಿ ಕೂಗ್ತೈತೆ" ಅಂದರು. ಐದು ನಿಮಿಷಕ್ಕೆ ಮೂರು ಗೌಜಲಕ್ಕಿಗಳು ಪೊದೆಯಿಂದ ಬಂಡೆಯ ಬುಡಕ್ಕೆ ಬಂದವು. ಹಿಂದೆಯೇ ನವಿಲು, ಮುಂಗುಸಿ. ಕರಡಿಗೆ ಇಟ್ಟ ಊಟಕ್ಕೆ ಮೊದಲ ಪಂಕ್ತಿ ಇವರದೇ.

ಮೂರೂವರೆ ಹೊತ್ತಿಗೆ ಎರಡು ಬಂಡೆಗಳ ಸಂದಿಯಿಂದ ಅದು ಹೊರಬಂತು. ಪೇಂಟೆಡ್ ಸ್ಪರ್‌ಫೌಲ್ ಅನ್ನೋ ಕಾಡುಕೋಳಿ, ಗಂಡು. ನಮ್ಮ ದೇಶ ಬಿಟ್ಟು ಬೇರೆಲ್ಲೂ ಕಾಡಿನಲ್ಲಿ ಸಿಗದ ಹಕ್ಕಿ. ಕಪ್ಪು ತಲೆಯ ಮೇಲೆ ಬಿಳಿ ಚುಕ್ಕೆ, ಮೈಯೆಲ್ಲ ಇಟ್ಟಿಗೆ ಬಣ್ಣ, ಅದರ ಮೇಲೂ ಚುಕ್ಕೆ. ನಾಲ್ಕು ಹೆಜ್ಜೆ ಇಡುತ್ತದೆ, ನಿಲ್ಲುತ್ತದೆ, ಮತ್ತೆ ಸಂದಿಗೆ ಓಡುತ್ತದೆ. ಹಿಂದೆ ಕಂದು ಬಣ್ಣದ ಹೆಣ್ಣು. ನಾನು ಉಸಿರು ಬಿಗಿ ಹಿಡಿದಿದ್ದೆ.

ಫೋಟೋ ತೆಗೆಯುವವರಿಗೆ ಒಂದು ಮಾತು. ಬಂಡೆ ದೂರ ಇದೆ. ನನ್ನ 70-300 ಎಂಎಂ ಲೆನ್ಸಿನಲ್ಲಿ ಹಕ್ಕಿ ಒಂದು ಚುಕ್ಕೆಯಷ್ಟೇ. ದೂರದ್ದನ್ನು ಇನ್ನೂ ಹತ್ತಿರ ತೋರಿಸುವ ಅಣ್ಣನ 150-600 ಲೆನ್ಸ್ ಕೇಳಿ ತಂದಿದ್ದೆ, ಅದೇ ಕಾಪಾಡಿತು. ಆದರೂ ಮೂರು ಗಂಟೆಗೆ ಮುಂಚಿನ ಒಂದು ಚಿತ್ರವೂ ಚೂಪಾಗಿ ಬರಲಿಲ್ಲ. ಫೋಕಸ್ ಕೆಟ್ಟಿದೆ ಅಂತ ಗಾಬರಿಯಾಗಿ ಲೆನ್ಸ್ ಬಿಚ್ಚಿ ಹಾಕಿ ನೋಡಿದೆ. ಲೆನ್ಸಿನ ತಪ್ಪಲ್ಲ, ಬಿಸಿಲಿನದು. ಕಾದ ಬಂಡೆಯಿಂದ ಏಳುವ ಬಿಸಿಗಾಳಿ ಚಿತ್ರವನ್ನು ನೀರಿನ ಹಾಗೆ ಅಲುಗಿಸುತ್ತದೆ. ಲೆನ್ಸ್ ಎಷ್ಟು ಉದ್ದ ಇದ್ದರೂ ಅದನ್ನು ತಡೆಯೋಕಾಗಲ್ಲ. ನಾಲ್ಕರ ನಂತರ ಬಂಡೆ ತಣ್ಣಗಾಗುತ್ತಾ ಬಂದಂತೆ ಗರಿಗರಿಯೂ ಕಂಡಿತು. ಐದೂವರೆಗೆ ಬೆಳಕು ಇಳಿಯಿತು, ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆ) 3200ಕ್ಕೆ ಏರಿಸಬೇಕಾಯಿತು. ಅಂದರೆ ಒಳ್ಳೆ ಚಿತ್ರಕ್ಕೆ ಸಿಗುವುದು ಒಂದೂವರೆ ಗಂಟೆ ಅಷ್ಟೇ. ಮೊದಲ ಎರಡು ಗಂಟೆ ಬೈನಾಕ್ಯುಲರ್ ಹಿಡಿದು ನೋಡಿ. ಆ ಹೊತ್ತೇ ನನಗೆ ಜಾಸ್ತಿ ಇಷ್ಟವಾಯಿತು.

ಕರಡಿಯೂ ಬಂತು, ಬೆನ್ನ ಮೇಲೆ ಮರಿ ಹೊತ್ತುಕೊಂಡು. ಅಷ್ಟರಲ್ಲಿ ಗೋಪುರ ತುಂಬಿತ್ತು. ಯಾರೋ "ಕರಡಿ, ಕರಡಿ!" ಅಂತ ಕೂಗಿದರು, ಮಕ್ಕಳು ಚಪ್ಪಾಳೆ ತಟ್ಟಿದರು. ಕರಡಿ ತಲೆಯನ್ನೂ ಎತ್ತಲಿಲ್ಲ. ಕೋಳಿ ಜೋಡಿ ಮಾತ್ರ ಹೋಗಿದ್ದು ಹೋಗಿಯೇಬಿಟ್ಟಿತು. ಸದ್ದು ಮಾಡಬೇಡಿ ಅಂತ ಮಕ್ಕಳಿಗೆ ಮೆಟ್ಟಿಲು ಹತ್ತುವ ಮುಂಚೆಯೇ ಹೇಳಿ, ದಯವಿಟ್ಟು. ಅವರಿಗೆ ಗೊತ್ತಿರಲ್ಲ, ಅಲ್ವಾ?

ನೀರು, ಟೋಪಿ, ಕೂರಲು ಒಂದು ಚಾದರ ತನ್ನಿ. ಬಿಳಿ ಅಂಗಿ ಬೇಡ. ಸ್ವಂತ ಗಾಡಿ ಇದ್ದರೆ ಒಳ್ಳೆಯದು.

ನನಗೆ ಒಂದು ಹಕ್ಕಿ ಬಾಕಿ ಉಳಿಯಿತು. ಹಳದಿ ಕತ್ತಿನ ಪಿಕಳಾರ. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಮಾತ್ರ ಇರುವ ಅದು ಈ ಗುಡ್ಡಗಳಲ್ಲೂ ಇದೆ. ಅದರ ಕೂಗನ್ನು ಮೊಬೈಲಿನಲ್ಲಿ ಮಾವನಿಗೆ ಕೇಳಿಸಿದ್ದೇನೆ. ಭತ್ತದ ಕೊಯ್ಲು ಮುಗಿಯಲಿ, ಬರ್ತೀನಿ ಅಂದಿದ್ದಾರೆ.