ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್: ನಿರೀಕ್ಷೆಯಷ್ಟು ಬೆಳೆಯದ ಆಟಗಾರರು (ದೀರ್ಘಕಾಲದ ಬಳಕೆದಾರನ ವಿಮರ್ಶೆ)

1999ರಲ್ಲಿ ಮೊದಲು ಬಿಡುಗಡೆಯಾದ ಬೇಸ್‌ಬಾಲ್ ತಂಡವನ್ನು ನಿರ್ವಹಿಸುವ ಈ ಕಂಪ್ಯೂಟರ್ ಸಿಮ್ಯುಲೇಷನ್ ಆಟವನ್ನು ನಾನು ಹಲವು ಆವೃತ್ತಿಗಳಿಂದ ಆಡುತ್ತ ಬಂದಿದ್ದೇನೆ. ತಂಡ ಕಟ್ಟುವುದು, ಪಂದ್ಯ ನಡೆಸುವುದು ಇವೆಲ್ಲ ಸೊಗಸಾಗಿಯೇ ಇವೆ. ಆದರೆ ನನ್ನನ್ನು ಇಷ್ಟು ಕಾಲ ಹಿಡಿದಿಟ್ಟಿರುವುದು ಆಟಗಾರರು ಮಾಗುವ, ಮುಪ್ಪಾಗುವ, ಕೆಲವೊಮ್ಮೆ ಅರ್ಧದಲ್ಲೇ ನಿಂತುಬಿಡುವ ಬಗೆ.

ಪ್ರತಿ ಆಟಗಾರನಿಗೂ ಇಂದಿನ ಸಾಮರ್ಥ್ಯ ಮತ್ತು ಮುಂದೆ ಮುಟ್ಟಬಹುದಾದ ಮಟ್ಟ ಎಂದು ಎರಡು ಬಗೆಯ ರೇಟಿಂಗ್ ಇರುತ್ತವೆ. ಅಮೆರಿಕದ ಸ್ಕೌಟ್‌ಗಳು (ಆಟಗಾರರ ಪ್ರತಿಭೆಯನ್ನು ಅಳೆಯುವವರು) ಬಳಸುವ 20ರಿಂದ 80ರ ಮಾಪಕವನ್ನೇ ಇಲ್ಲಿಯೂ ಆರಿಸಿಕೊಳ್ಳಬಹುದು. ಅದರಲ್ಲಿ 50 ಎಂದರೆ ಅಮೆರಿಕದ ಅಗ್ರ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನ ಸರಾಸರಿ. ನಾನು ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ವ್ಯವಸ್ಥೆ) ಆರಿಸಿದ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವಿನ ಫೀಲ್ಡರ್) ಒಬ್ಬನ ಕಾಂಟ್ಯಾಕ್ಟ್ ರೇಟಿಂಗ್ (ಬ್ಯಾಟಿಗೆ ಚೆಂಡು ತಾಗಿಸುವ ಸಾಮರ್ಥ್ಯ) 18ನೇ ವಯಸ್ಸಿನಲ್ಲಿ 25, ಮುಂದಿನ ನಿರೀಕ್ಷೆ 65 ಇತ್ತು. ಮೇಜರ್ ಲೀಗ್‌ಗಿಂತ ಎರಡು ಹಂತ ಕೆಳಗಿನ ಡಬಲ್-ಎ ತಲುಪುವ ಹೊತ್ತಿಗೆ 40ಕ್ಕೆ ಏರಿದವನು 45ರಲ್ಲಿ ನಿಂತ. ಆಮೇಲೆ ನಿರೀಕ್ಷೆಯೇ 65ರಿಂದ 55ಕ್ಕೆ, ಅಲ್ಲಿಂದ 45ಕ್ಕೆ ಇಳಿದು, 26ನೇ ವಯಸ್ಸಿಗೆ ಎರಡೂ ಅಂಕಿಗಳು ಒಂದಾದವು. ಫೀಲ್ಡಿಂಗ್ ಚೆನ್ನಾಗಿದ್ದುದರಿಂದ ಬದಲಿ ಆಟಗಾರನಾಗಿ ಉಳಿದುಕೊಂಡ.

ಇದು ವಾಸ್ತವಕ್ಕೆ ದೂರವಾದುದೇನಲ್ಲ. 1991ರ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿದ್ದ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವವನು) ಬ್ರಾಯನ್ ಟೇಲರ್ ಭುಜದ ಗಾಯದ ನಂತರ ಮೇಜರ್ ಲೀಗ್ ಮುಟ್ಟಲೇ ಇಲ್ಲ. 2013ರ ಮೊದಲ ಆಯ್ಕೆ ಮಾರ್ಕ್ ಅಪೆಲ್ ಅಲ್ಲಿ ಮೊದಲ ಬಾರಿಗೆ ಚೆಂಡೆಸೆದದ್ದು 2022ರಲ್ಲಿ, 30ನೇ ವಯಸ್ಸಿನಲ್ಲಿ. ಆಟದಲ್ಲಿ ಕಾಣುವ ನಿರೀಕ್ಷೆಯ ಅಂಕಿಯೂ ಸ್ಕೌಟ್‌ನ ಅಂದಾಜು ಮಾತ್ರ. ಸ್ಕೌಟಿಂಗ್ ನಿಖರತೆಯನ್ನು ತಗ್ಗಿಸಿದಷ್ಟೂ ಅದು ತಪ್ಪುವ ಸಂಭವ ಹೆಚ್ಚು.

ವಯಸ್ಸಾಗುವ ವೇಗವನ್ನು ಬ್ಯಾಟರ್‌ಗಳಿಗೂ ಪಿಚರ್‌ಗಳಿಗೂ ಬೇರೆ ಬೇರೆಯಾಗಿ ಹೊಂದಿಸಬಹುದು. ಮೂಲ ಮೌಲ್ಯ 1.000. ಅದನ್ನು ತುಸು ಇಳಿಸಿದರೆ ಹಿರಿಯರ ಕುಸಿತ ನಿಧಾನವಾಗುತ್ತದೆ, ಆದರೆ ಎಳೆಯರಿಗೆ ತಂಡದಲ್ಲಿ ಜಾಗ ಸಿಗುವುದೂ ತಡವಾಗುತ್ತದೆ. ನನ್ನ ಲೀಗ್‌ಗಳಲ್ಲಿ ಮೊದಲು ಕುಂದುವುದು ಓಟದ ವೇಗ. ಹೊಡೆಯಬಾರದ ಚೆಂಡನ್ನು ಗುರುತಿಸಿ ಬಿಡುವ ಕಣ್ಣು ಬಹುಕಾಲ ಬಾಳುತ್ತದೆ. ಹೀಗಾಗಿ ವೇಗವನ್ನೇ ನೆಚ್ಚಿದ ಮೂವತ್ತರ ಆಟಗಾರನೊಂದಿಗೆ ದೀರ್ಘ ಒಪ್ಪಂದ ಮಾಡಿಕೊಳ್ಳಬೇಡಿ ಎಂದೇ ಹೇಳುತ್ತೇನೆ.

ಪರಿಶ್ರಮದ ಗುಣ, ಗಾಯ, ತರಬೇತುದಾರ, ಆಡುವ ಲೀಗ್‌ನ ಮಟ್ಟ ಇವೆಲ್ಲ ಬೆಳವಣಿಗೆಯ ಮೇಲೆ ಪರಿಣಾಮ ಬೀರುತ್ತವೆ. ನಿರೀಕ್ಷೆ ಕುಸಿದಾಗ ಇವುಗಳಲ್ಲಿ ಯಾವುದು ಎಷ್ಟು ಕಾರಣವಾಯಿತು ಎಂಬುದನ್ನು ಆಟಗಾರನ ಪುಟದಲ್ಲೇ ಬಿಡಿಸಿ ಹೇಳುವಂತಾದರೆ, ಹುಡುಗರನ್ನು ಬೆಳೆಸುವ ಕೆಲಸಕ್ಕೆ ಇನ್ನಷ್ಟು ಅರ್ಥ ಬಂದೀತು ಎಂಬುದು ನನ್ನ ಬಲವಾದ ಆಸೆ.

ಪ್ರತಿಭೆಯ ಅನಿರೀಕ್ಷಿತ ಏರಿಳಿತವನ್ನು ನಿರ್ಧರಿಸುವ ಮೌಲ್ಯವನ್ನು ಮಾತ್ರ ನಾನು ಮೂಲದ 100ರಲ್ಲೇ ಬಿಟ್ಟಿದ್ದೇನೆ. ಅದನ್ನು ತೀರಾ ತಗ್ಗಿಸಿದರೆ ಭರವಸೆಯ ಹುಡುಗರು ಕೈಕೊಡುವುದು ಕಡಿಮೆಯಾಗುತ್ತದೆ, ನಿಜ. ಜೊತೆಗೆ ತಡವಾಗಿ ಅರಳುವವರೂ ವಿರಳವಾಗುತ್ತಾರೆ. ಅದುವರೆಗೆ ಒಂದು ಋತುವಿನಲ್ಲಿ 16 ಹೋಮ್ ರನ್ (ಸಾಮಾನ್ಯವಾಗಿ ಚೆಂಡನ್ನು ಮೈದಾನದಾಚೆ ಅಟ್ಟುವ ಹೊಡೆತ) ದಾಟದಿದ್ದ ಮೇಜರ್ ಲೀಗ್ ಬ್ಯಾಟರ್ ಹೊಸೆ ಬಟಿಸ್ಟಾ 2010ರಲ್ಲಿ, 29ನೇ ವಯಸ್ಸಿನಲ್ಲಿ, 54 ಹೊಡೆದದ್ದನ್ನು ಬಲ್ಲ ನಾನು ಅಂಥದಕ್ಕೆ ಎಡೆಯಿಲ್ಲದ ಲೀಗ್ ನಡೆಸಲಾರೆ.